ಅಂಗಡಿಯ ಕೈ

ಪ್ರತಿ ವರ್ಷ ಜನವರಿಯಲ್ಲಿ ಒಡೆಯ ಮತ್ತು ಆಳಿನ ಆ ಪಾಠ ಬಂದಾಗ ನಾನು ಕಲಿಸುವ ಕಾಲೇಜಿಗೆ ಒಂದು ಟವೆಲ್ಲು ಒಯ್ಯುತ್ತೇನೆ. ಬಿಳಿಯದು, ಅಂದರೆ ಒಂದು ಕಾಲಕ್ಕೆ ಬಿಳಿಯದಾಗಿದ್ದದ್ದು. ಎಷ್ಟು ಸಲ ಒಗೆದರೂ ಅದರ ಅಂಚಿನಿಂದ ಬ್ಯಾಡಗಿ ಮೆಣಸಿನಕಾಯಿಯ ಘಾಟು ಪೂರ್ತಿ ಹೋಗಿಲ್ಲ. ಮೇಜಿನ ಮೇಲೆ ಕೊಡವಿ ಹಾಸಿದೆನೆಂದರೆ ಮೊದಲ ಬೆಂಚಿನವರು ಸೀನುತ್ತಾರೆ, ಹಿಂದಿನ ಬೆಂಚಿನವರು ನಗುತ್ತಾರೆ. ಜರ್ಮನ್ ತತ್ತ್ವಶಾಸ್ತ್ರ ಎಂದರೆ ನಿದ್ದೆ ಬರುತ್ತದೆಂದು ದೂರುವವರಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಈ ಸಲ ಒಬ್ಬ ಹುಡುಗಿ, "ಮ್ಯಾಮ್, ಇದು ನಿಮ್ಮ ಅಪ್ಪಂದಾ?" ಎಂದು ಕೇಳಿದಳು. ಅಲ್ಲ ಎಂದೆ. ಯಾರದೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಎಂ.ಎ. ಎರಡನೇ ವರ್ಷದಲ್ಲಿದ್ದೆ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮದು ಮೆಣಸಿನಕಾಯಿಯ ಸಗಟು ಅಂಗಡಿ. ಸೋದರಮಾವ ಬ್ಯಾಡಗಿಯಲ್ಲಿ ಮಾಲು ಕೊಂಡು ಲಾರಿಗೆ ಹಾಕಿ ಕಳಿಸುತ್ತಿದ್ದ, ಅಪ್ಪ ಇಲ್ಲಿ ಮಾರುತ್ತಿದ್ದರು. ಸಂಕ್ರಾಂತಿ ಇನ್ನೂ ಬಂದಿರಲಿಲ್ಲ, ಸೀಜನ್ನಿನ ಮೊದಲ ಲಾರಿ ಬಂದಿತ್ತು. ಅಷ್ಟರಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲು ಅರ್ಧಂಬರ್ಧ ಉಳಿಯಿತು, ಬಲಗೈ ಮಾತ್ರ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ಬಲ ಅಂಗೈಯಲ್ಲಿ ತಮ್ಮ ಬೆರಳಿಟ್ಟು, ತಿಳಿಯುತ್ತದೆಯೇ ಎಂದು ಕೇಳಿದರು. ಅಪ್ಪ ಇಲ್ಲವೆಂದು ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

ಅವರು ಅತ್ತದ್ದು ಯಾಕೆಂದು ಹೇಳಬೇಕಾದರೆ ಟವೆಲ್ಲಿನ ವ್ಯವಹಾರ ಹೇಳಬೇಕು. ನಮ್ಮ ಸಾಲಿನ ಹಳೆಯ ವ್ಯಾಪಾರಿಗಳು ಎದುರುಬದುರು ಕೂತು, ಕೈಗಳ ಮೇಲೆ ಟವೆಲ್ಲು ಹಾಸಿ, ಅದರ ಕೆಳಗೆ ದರ ಮಾತಾಡುತ್ತಿದ್ದರು. ಸಾವಿರದ ಲೆಕ್ಕ ಬಾಯಲ್ಲಿ, ಅದರ ಮೇಲಿನ ನೂರುಗಳು ಬೆರಳಲ್ಲಿ. ಎದುರಿನವನ ಅಂಗೈಯಲ್ಲಿ ಎಷ್ಟು ಬೆರಳು ಒತ್ತಿದರೆ ಅಷ್ಟು ನೂರು. ಸುತ್ತ ಎಷ್ಟು ಮಂದಿ ನಿಂತಿದ್ದರೂ ಒಬ್ಬರಿಗೂ ತಿಳಿಯುವುದಿಲ್ಲ. ಆಗಲೇ ದರವೆಲ್ಲ ಮೊಬೈಲಿನಲ್ಲಿ ಬರುತ್ತಿತ್ತು, ಕಟ್ಟೆಯ ಮೇಲಿನ ಹರಾಜು ಎಲ್ಲರೆದುರು ಕೂಗಿ ನಡೆಯುತ್ತಿತ್ತು. ಆದರೂ ಹಳಬರು ಅಂಗಡಿ ಅಂಗಡಿಗಳ ನಡುವಿನ ಸೌದಾಕ್ಕೆ, ಅಂದರೆ ಕೊಡುಕೊಳ್ಳುವ ಮಾತಿಗೆ, ಟವೆಲ್ಲು ಬಿಟ್ಟಿರಲಿಲ್ಲ. ಯಾರ ಕೈ ಟವೆಲ್ಲಿನ ಕೆಳಗೆ ಹೋಗುತ್ತದೋ ಅವನು ವ್ಯಾಪಾರಿ. ಉಳಿದವರು ಹಮಾಲರು, ಸುಮ್ಮನೆ ನೋಡುವವರು.

ನಾನು ಒಬ್ಬಳೇ ಮಗಳು. ಅಂಗಡಿಯನ್ನು ಬಾಡಿಗೆಗೆ ಕೊಡಿ ಎಂದು ನೆಂಟರು ಸಾಲುಗಟ್ಟಿ ಬಂದು ಬುದ್ಧಿ ಹೇಳಿದರು. ಅವ್ವ ನನ್ನನ್ನು ಅಡಿಗೆಮನೆಗೆ ಕರೆದು ಕೇಳಿದಳು: "ನೀಲಾ, ಪರೀಕ್ಷಾ ಬಿಡಾಕಿಯೋ ಅಂಗಡಿ ಬಿಡಾಕಿಯೋ, ಒಂದು ಹೇಳಿಬಿಡು."

"ಎರಡೂ ಬಿಡೂದಿಲ್ಲ," ಎಂದೆ. ಅವ್ವ ನನ್ನ ಮುಖ ನೋಡಿ, ಮತ್ತೆ ಆ ಮಾತು ತೆಗೆಯಲಿಲ್ಲ.

ಬೆಳಿಗ್ಗೆ ವಿದ್ಯಾಪೀಠ, ಮಧ್ಯಾಹ್ನದಿಂದ ಅಂಗಡಿ. ಸ್ವಾರಗೇಟಿನಲ್ಲಿ ಬಸ್ಸು ಬದಲಿಸುವಾಗ ತಲೆಯೂ ಬದಲಾಗಬೇಕು. ಅಪ್ಪನ ಗಾದಿಯ ಮೇಲೆ ಕೂತೆ. ಗಿರಾಕಿಗಳು ಬರುತ್ತಿದ್ದರು, ಕಾಯಿ ಮುರಿದು ಮೂಸಿ ನೋಡುತ್ತಿದ್ದರು, ಆಮೇಲೆ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಶೇಠ್ ನಾಹೀತ ಕಾ?" ಮಾಲೀಕರು ಇಲ್ಲವೇ, ಎನ್ನುತ್ತಿದ್ದರು. "ಮೀಚ ಆಹೇ," ನಾನೇ ಇದ್ದೀನಲ್ಲ, ಎಂದರೆ ಒಳ್ಳೆಯ ಹಾಸ್ಯ ಕೇಳಿದಂತೆ ನಗುತ್ತಿದ್ದರು. ಲೆಕ್ಕ ಬರೆಯುತ್ತಿದ್ದ ನಮ್ಮ ದಿವಾಣಜಿ ಗುಂಡೋಪಂತರ ಮುಂದೆ ಹೋಗಿ ಕೂತು ಟವೆಲ್ಲು ಹಾಸುತ್ತಿದ್ದರು. ಸೌದಾ ಮುಗಿದ ಮೇಲೆ ಗುಂಡೋಪಂತರು ನನ್ನ ಕಿವಿಯಲ್ಲಿ ಎಷ್ಟಾಯಿತೆಂದು ಹೇಳುತ್ತಿದ್ದರು. ನನ್ನದೇ ಅಂಗಡಿಯ ದರ ನನಗೆ ಎಲ್ಲರಿಗಿಂತ ಕೊನೆಗೆ ತಿಳಿಯುತ್ತಿತ್ತು. ಮೈ ಉರಿಯುತ್ತಿತ್ತು, ಅದು ಮೆಣಸಿನಕಾಯಿಯಿಂದಲ್ಲ.

ಅದೇ ವಾರ ವಿದ್ಯಾಪೀಠದಲ್ಲಿ ಈ ಪಾಠ ಶುರುವಾಯಿತು. ನಮ್ಮ ಮೇಡಂ ಸಣ್ಣ ಆಳು, ದೊಡ್ಡ ದನಿ. ಇನ್ನೂರು ವರ್ಷದ ಹಿಂದಿನ ಆ ಜರ್ಮನ್ ಚಿಂತಕರನ್ನು ಪಕ್ಕದ ಮನೆಯವರ ಜಗಳ ಹೇಳಿದಂತೆ ಹೇಳುತ್ತಿದ್ದರು. ನಾನು ಸ್ವತಂತ್ರ ಎಂದು ನಾನೇ ಹೇಳಿಕೊಂಡರೆ ಆಗುವುದಿಲ್ಲ, ಇನ್ನೊಬ್ಬರು ನನ್ನನ್ನು ಹಾಗೆಂದು ಕಾಣಬೇಕು. ಇಬ್ಬರು ಎದುರಾದರೆ ಇಬ್ಬರಿಗೂ ಮನ್ನಣೆ ಬೇಕು, ಕೊಡಲು ಇಬ್ಬರಿಗೂ ಮನಸ್ಸಿಲ್ಲ. ಜಗಳವಾಗುತ್ತದೆ. ಗೆದ್ದವನು ಒಡೆಯ, ಸೋತವನು ಆಳು. ಆದರೆ ಗೆದ್ದವನ ಗತಿ ನೋಡಿ ಎಂದು ಮೇಡಂ ನಗುತ್ತಿದ್ದರು. ಆಳು ದಿನಕ್ಕೆ ನೂರು ಸಲ ನಮಸ್ಕರಿಸಿದರೂ ಅವನಿಗೆ ತೃಪ್ತಿಯಿಲ್ಲ, ಯಾಕೆಂದರೆ ನಮಸ್ಕರಿಸುವವನನ್ನು ಅವನು ಮನುಷ್ಯನೆಂದೇ ಎಣಿಸಿಲ್ಲ.

ನಾನು ಅದರಲ್ಲಿ ಜಗಳದ ಭಾಗವನ್ನಷ್ಟೇ ಹಿಡಿದುಕೊಂಡು ಅಂಗಡಿಗೆ ಬಂದೆ. ಮರುದಿನವೇ ಜಾರಿ ಮಾಡಿದೆ: "ನಮ್ಮ ಅಂಗಡಿಯೊಳಗ ಇನ್ನ ಟವೆಲ್ ಇಲ್ಲ. ದರ ಬಾಯಿಲೇ ಹೇಳ್ರಿ, ನನ್ನ ಮುಂದ ಹೇಳ್ರಿ." ಗಿರಾಕಿಗಳಿಗೆ ಮಾಲು ಬೇಕಾಗಿತ್ತು, ಹೇಳಿದರು. ವ್ಯಾಪಾರವೇನೂ ನಿಲ್ಲಲಿಲ್ಲ. ಆದರೆ ಒಬ್ಬರೂ ಕೂರುತ್ತಿರಲಿಲ್ಲ. ನಿಂತಲ್ಲೇ ದರ ಕೇಳಿ, ತೂಕ ಮಾಡಿಸಿ ಹೋಗುತ್ತಿದ್ದರು. ಎದುರಿನ ಅಂಗಡಿಗಳಲ್ಲಿ ಚಹಾ, ಮಾತು, ಟವೆಲ್ಲು. ನಮ್ಮಲ್ಲಿ ತಕ್ಕಡಿ.

ಮೇಡಂ ಮುಂದೆ ಇದನ್ನು ದೊಡ್ಡ ಗೆಲುವಿನಂತೆ ಹೇಳಿದೆ, ಕೊನೆಗೆ ದನಿ ಇಳಿಯಿತು. ಅವರು ಚಹಾದ ಕಪ್ಪು ಕೆಳಗಿಟ್ಟು ಕೇಳಿದರು: "ಅವರು ನಿನ್ನನ್ನು ವ್ಯಾಪಾರಿ ಅನ್ನಬೇಕು ಅಂತೀಯ. ನೀನು ಅವರನ್ನು ಏನಂತೀಯ?"

ಅಡ್ಡಾಡುವ ಗೋಣಿಚೀಲಗಳು ಎಂದು ಹಿಂದಿನ ದಿನವಷ್ಟೇ ಗೆಳತಿಗೆ ಹೇಳಿದ್ದೆ. ಬಸ್ಸಿನ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಪಕ್ಕದಲ್ಲೇ ಕೂತು ಬಂತು.

ಮನೆಗೆ ಬಂದು ಅಪ್ಪನ ಕುರ್ಚಿಯ ಮುಂದೆ ಕೂತೆ. "ಅಪ್ಪಾ, ನನಗ ಬೆರಳಿನ ಮಾತು ಕಲಸು."

"ಹುಚ್ಚಿ," ಎಂದರು ಅಪ್ಪ. "ಹೆಣ್ಣುಮಗಳ ಕೈಯೊಳಗ ಕೈ ಇಟ್ಟು ಯಾರು ಸೌದಾ ಮಾಡ್ತಾರ?"

"ಅದು ಆಮ್ಯಾಲಿನ ಮಾತು. ಮದಲ ಕಲಸು."

ಅಪ್ಪನಿಗೆ ದಿನವಿಡೀ ಕುರ್ಚಿಯಲ್ಲಿ ಕೂತು ಬೇಸರ ಬಂದಿತ್ತು. ಎಡಗೈ ಚಾಚಿದರು. ಅವ್ವನ ಹಳೆಯ ಸೆರಗಿನ ತುಂಡೇ ನಮ್ಮ ಟವೆಲ್ಲು. ಎಷ್ಟು ಬೆರಳು ಎಂಬುದು ಮಕ್ಕಳಾಟ, ಅದನ್ನು ಒಂದು ಸಂಜೆಯಲ್ಲಿ ಕಲಿತೆ. ಕಲಿಯಬೇಕಾದದ್ದು ಬೇರೆಯೇ ಇತ್ತು. ಎದುರಿನವನು ಒತ್ತುವಾಗ ತಡವರಿಸಿದರೆ ದರದಲ್ಲಿ ಇನ್ನೂ ಏರುತ್ತಾನೆ. ಗಟ್ಟಿಯಾಗಿ ಒತ್ತಿದವನು ಒಳಗೆ ಹೆದರಿದ್ದಾನೆ. ಅಂಗೈ ಬೆವರಿದ್ದರೆ ಅವನಿಗೆ ಮಾಲು ಬೇಕೇಬೇಕು. ಮುಖ ಮಾತ್ರ ನೋಡಬಾರದು. "ಮಾರಿ ನೋಡಬ್ಯಾಡ. ಎಲ್ಲಾರ ಮಾರೀನೂ ಸುಳ್ಳ ಹೇಳ್ತಾವು. ಕೈ ಹೇಳೂದಿಲ್ಲ," ಎನ್ನುತ್ತಿದ್ದರು ಅಪ್ಪ. ಮೊದಮೊದಲು ನಗುತ್ತಾ ಕಲಿಸುತ್ತಿದ್ದವರು ಆಮೇಲಾಮೇಲೆ ನಾನು ತಪ್ಪಿದರೆ ಸಿಟ್ಟಾಗತೊಡಗಿದರು. ಆ ಸಿಟ್ಟು ನನಗೆ ಬಹಳ ಹಿತವಾಗುತ್ತಿತ್ತು. ಮಗಳ ಮೇಲೆ ಅವರು ಹಾಗೆ ಎಂದೂ ಸಿಟ್ಟಾದವರಲ್ಲ.

ಕೈ ಸುಳ್ಳು ಹೇಳುವುದಿಲ್ಲ ಎಂದಾಗಲೆಲ್ಲ ಅಪ್ಪ ಒಂದು ಹೆಸರು ಸೇರಿಸುತ್ತಿದ್ದರು: "ಆ ರುದ್ರಪ್ಪನ ಕೈ ಒಂದು ಬಿಟ್ಟು."

ರುದ್ರಪ್ಪ ಕಾಕಾನದು ನಮ್ಮ ಎದುರಿನ ಅಂಗಡಿ. ಅವನೂ ಅಪ್ಪನೂ ಹುಡುಗರಾಗಿದ್ದಾಗ ಒಂದೇ ಲಾರಿಯಲ್ಲಿ ಬ್ಯಾಡಗಿಯಿಂದ ಬಂದವರು, ಮದುವೆಯಾಗುವ ತನಕ ಒಂದೇ ಡಬ್ಬಿಯಲ್ಲಿ ಉಂಡವರು. ನಾನು ಶಾಲೆಯಲ್ಲಿದ್ದಾಗ ಒಂದು ದಿನ ಕಾಕಾ ತನ್ನ ಮಾಲನ್ನು ಅಪ್ಪನಿಗೆ ಮಾರಿದ. ಟವೆಲ್ಲಿನ ಕೆಳಗೆ ಕಾಕಾ ಬೆರಳು ಒತ್ತಿದ, ಅಪ್ಪ ಆಯಿತು ಎಂದರು, ಟವೆಲ್ಲು ತೆಗೆದರು. ಮಾಲು ಬಂದ ಮೇಲೆ ಕಾಕಾ ನಾಲ್ಕು ಎಂದ, ಅಪ್ಪ ಮೂರು ಎಂದರು. ನಾನು ಒತ್ತಿದ್ದು ನಾಲ್ಕು ಎಂದು ಕಾಕಾ. ನನ್ನ ಅಂಗೈಗೆ ತಾಗಿದ್ದು ಮೂರು ಎಂದು ಅಪ್ಪ. ಸಾಕ್ಷಿ ಯಾರೂ ಇಲ್ಲ, ಇರಬಾರದೆಂದೇ ಅಲ್ಲವೇ ಟವೆಲ್ಲು. ಸಾಲಿನ ಎಲ್ಲರೆದುರು ಒಬ್ಬರನ್ನೊಬ್ಬರು ಸುಳ್ಳ ಎಂದರು. ಅಂದಿನಿಂದ ನಡುವಿನ ರಸ್ತೆ ದಾಟಿದ್ದಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸಾಲಿಗೆ ಸಾಲೇ ಬಂದು ನೋಡಿತು, ಕಾಕಾ ಮಾತ್ರ ಬರಲಿಲ್ಲ.

ಫೆಬ್ರವರಿ ಕೊನೆಗೆ ಮಾವ ಆ ಸೀಜನ್ನಿನ ಅತಿ ಒಳ್ಳೆಯ ಮಾಲು ಕಳಿಸಿದ. ಡಬ್ಬಿ ಎಂಬ ಜಾತಿಯ ಕಾಯಿ, ದುಂಡಗೆ, ನೆರಿಗೆ ತುಂಬಿ, ಒದ್ದೆ ಬೆರಳಿಗೆ ಹಚ್ಚಿದರೆ ಕುಂಕುಮದಂತೆ ಬಣ್ಣ ಬಿಡುತ್ತಿತ್ತು. ಅಷ್ಟೂ ಮಾಲನ್ನು ಒಟ್ಟಿಗೆ ಎತ್ತುವ ಶಕ್ತಿ ಸಾಲಿನಲ್ಲಿ ಇದ್ದದ್ದು ಒಬ್ಬನಿಗೇ. ಮಸಾಲೆ ಮಾಡುವವರಿಗೆಲ್ಲ ಅವನೇ ಪೂರೈಸುತ್ತಿದ್ದ. ರುದ್ರಪ್ಪ ಕಾಕಾ ಎರಡು ದಿನ ತನ್ನ ಗಾದಿಯಿಂದಲೇ ನಮ್ಮ ಚೀಲಗಳನ್ನು ನೋಡಿದ. ಮೂರನೇ ದಿನ ರಸ್ತೆ ದಾಟಿ ಬಂದ.

ಸಾಲಿನವರೆಲ್ಲ ನೋಡಲು ಎದ್ದು ನಿಂತರು. ಕಾಕಾ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳಿದ. ಮುರಿದು ಮೂಸಿದ. ಆಮೇಲೆ ನೇರ ಗುಂಡೋಪಂತರ ಮುಂದೆ ಹೋಗಿ ಕೂತ.

"ಸೌದಾ ನನ್ನ ಕೂಡ ಕಾಕಾ," ಎಂದೆ. ಗಾದಿಯ ಮೇಲಿದ್ದ ಅಪ್ಪನ ಟವೆಲ್ಲನ್ನು ನಾನೇ ಎತ್ತಿ ನನ್ನ ಕೈಯ ಮೇಲೆ ಹಾಕಿಕೊಂಡೆ. ನಿಲ್ಲಿಸಿದವಳೂ ನಾನೇ, ಹಾಸಿದವಳೂ ನಾನೇ. "ಕೂಡ್ರಿ."

ಕಾಕಾ ತಿರುಗಿ ನೋಡಿದ. "ಮಗಳ ಕೈ ಹಿಡದು ವ್ಯಾಪಾರ ಮಾಡ್ಲೇನವಾ ನಾನು?"

"ಮಗಳ ಕೈ ಅಲ್ರಿ. ಅಂಗಡಿ ಕೈ."

ಯಾರೋ ಹಮಾಲ ನಕ್ಕ. ಕಾಕಾ ನಗಲಿಲ್ಲ. ಅವನು ಎದ್ದು ಹೋದರೆ ಎಲ್ಲ ಮುಗಿಯಿತು, ಮತ್ತೆ ಯಾರೂ ನನ್ನ ಮುಂದೆ ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ನಾನು ಕೈ ಹಿಂದಕ್ಕೆ ತೆಗೆಯುವುದಿಲ್ಲ. ಸಂಜೆಯ ತನಕ ಹೀಗೇ ಚಾಚಿಕೊಂಡು ಕೂರಬೇಕಾದರೂ ಸರಿ.

ಕಾಕಾ ಬಂದು ಎದುರಿಗೆ ಕೂತ. ಟವೆಲ್ಲಿನ ಅಂಚು ಎತ್ತಿ ಕೈ ಒಳಗೆ ತಂದ. ಒರಟು ಕೈ, ತಣ್ಣಗಿತ್ತು. ಸಾವಿರದ ಲೆಕ್ಕ ಬಾಯಲ್ಲಿ ಹೇಳಿದ. ನಾನು ಅವನ ಅಂಗೈಯಲ್ಲಿ ಐದೂ ಬೆರಳು ಒತ್ತಿದೆ. ಅವನು ನನ್ನ ಅಂಗೈಯಲ್ಲಿ ಒತ್ತಿದ. ಮೂರು.

ಕಡಿಮೆಯಾಯಿತು ಎಂದು ತಲೆಯಾಡಿಸುವವಳಿದ್ದೆ. ಆದರೆ ಅವನು ಮತ್ತೆ ಒತ್ತಿದ. ಕಾಕಾ ಈಚೆಗೆ ಎರಡೆರಡು ಸಲ ಒತ್ತುತ್ತಾನೆಂದು ಸಾಲಿನಲ್ಲಿ ಎಲ್ಲರೂ ಚೇಷ್ಟೆ ಮಾಡುತ್ತಿದ್ದರು. ಈ ಸಲ ಮೂರು ಬೆರಳಿನ ಪಕ್ಕದಲ್ಲಿ ಗಂಟಿನಂಥದ್ದೊಂದು ನನ್ನ ಅಂಗೈಗೆ ತಾಗಿತು. ಅದು ಮಡಚಿಕೊಂಡಿದ್ದ ಉಂಗುರದ ಬೆರಳು. ಬಿಚ್ಚಿಕೊಳ್ಳಲು ಅದು ಹೆಣಗುತ್ತಿತ್ತು, ಸಣ್ಣಗೆ ನಡುಗುತ್ತಿತ್ತು, ಬಿಚ್ಚುತ್ತಿರಲಿಲ್ಲ.

ಅಪ್ಪ ಹೇಳಿದ್ದು ಮರೆತು ಮುಖ ನೋಡಿದೆ. ಕಾಕಾ ಬೇರೆಲ್ಲೋ ನೋಡುತ್ತಿದ್ದ, ಹಣೆಯ ಮೇಲೆ ಬೆವರು. ಅವನಿಗೆ ಹೆದರಿಕೆಯಾಗಿತ್ತು. ಬೆರಳು ಏಳದ ವ್ಯಾಪಾರಿಯನ್ನು ಯಾರು ನಂಬುತ್ತಾರೆ? ಇಷ್ಟು ವರ್ಷ ಇದನ್ನು ಟವೆಲ್ಲಿನ ಕೆಳಗೇ ಬಚ್ಚಿಟ್ಟುಕೊಂಡು ಬಂದಿದ್ದ.

ಒಂದು ಮಾತು ಸಾಕಿತ್ತು. ಅಲ್ಲೇ, ಎಲ್ಲರೆದುರು, ನಮ್ಮಪ್ಪ ಸುಳ್ಳನಲ್ಲ ಎಂದು ತೋರಿಸಿಬಿಡಬಹುದಿತ್ತು. ಬಾಯಿತನಕ ಬಂದಿತ್ತು. ಆದರೆ ಆಗ ಅಪ್ಪ ಗೆಲ್ಲುತ್ತಿದ್ದರು, ಕಾಕಾ ನೆಲ ಕಚ್ಚುತ್ತಿದ್ದ, ಅಪ್ಪನಿಗೆ ಮನ್ನಣೆ ಕೊಡಲು ಎದುರಿನ ಅಂಗಡಿಯಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಸೋತವನಿಂದ ಅಪ್ಪನಿಗೆ ಏನು ಸಿಕ್ಕೀತು?

ನನ್ನ ಎರಡು ಬೆರಳಿನಿಂದ ಆ ಮಡಚಿದ ಬೆರಳನ್ನು ಮೆಲ್ಲಗೆ ಹಿಡಿದೆ. ಒಂದು ಕ್ಷಣ ಅವನ ಕೈ ಕಲ್ಲಾಯಿತು. ಮೆಲ್ಲಗೆ ಬಿಡಿಸಿ, ಉಳಿದ ಮೂರರ ಪಕ್ಕಕ್ಕೆ ತಂದು ನನ್ನ ಅಂಗೈಗೆ ಒತ್ತಿಕೊಂಡೆ. ನಾಲ್ಕಾ?

ಕಾಕಾ ಈಗ ನನ್ನನ್ನು ನೋಡಿದ. ಆ ಸೀಜನ್ನಿನಲ್ಲಿ, ಆ ಸಾಲಿನಲ್ಲಿ, ನನ್ನನ್ನು ನೋಡಿದ ಮೊದಲನೇ ವ್ಯಾಪಾರಿ ಅವನು. ಕಣ್ಣು ತುಂಬಿತ್ತು.

"ಆತು," ಎಂದ ಗಟ್ಟಿಯಾಗಿ.

"ಆತ್ರಿ," ಎಂದೆ.

ಮರುದಿನ ಮೂರು ಜನ ಬಂದು ನನ್ನ ಮುಂದೆ ಕೂತರು. ಅವರಲ್ಲೊಬ್ಬರು ತಮ್ಮ ಟವೆಲ್ಲು ತಾವೇ ತಂದಿದ್ದರು. ಗುಂಡೋಪಂತರು ಮೊದಲ ಸಲ ನನ್ನನ್ನು ದರ ಎಷ್ಟಾಯಿತೆಂದು ಕೇಳಿ ಬರೆದುಕೊಂಡರು.

ಮನೆಯಲ್ಲಿ ಮಾತ್ರ ಬಿರುಗಾಳಿ. ಸುದ್ದಿ ಆಗಲೇ ಅಪ್ಪನಿಗೆ ಮುಟ್ಟಿತ್ತು. "ಆ ಸುಳ್ಳನ ಕೂಡ ಸೌದಾ ಮಾಡಿದಿ?"

"ಕಾಕಾ ಸುಳ್ಳ ಹೇಳಿಲ್ಲ ಅಪ್ಪಾ. ನೀನೂ ಹೇಳಿಲ್ಲ."

"ನಿನಗೇನ ಗೊತ್ತು?"

"ಕೈ ಹಿಡದೇನಿ."

"ಏನಿತ್ತು ಕೈಯೊಳಗ?"

"ಅದು ಟವೆಲ್ಲಿನ ಕೆಳಗಿನ ಮಾತು. ನೀನ ಕಲಿಸೀ."

ಎರಡು ದಿನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ನಾನೂ ಜಗ್ಗಲಿಲ್ಲ. ಹೇಳಬೇಕಾದವನು ಕಾಕಾ, ನಾನಲ್ಲ.

ಯುಗಾದಿಯ ಹೊತ್ತಿಗೆ ಮಾಲು ಕಡಿಮೆಯಾಗಿ, ಪರೀಕ್ಷೆ ಹತ್ತಿರ ಬಂದಿತ್ತು. ಮೇಡಂ ಕೊನೆಯ ಪಾಠ ಮಾಡಿದ್ದರು. ಒಬ್ಬನು ತನ್ನ ತಪ್ಪು ಒಪ್ಪಿಕೊಂಡು ಇನ್ನೊಬ್ಬನ ಮುಂದೆ ನಿಲ್ಲುತ್ತಾನೆ, ಅವನೂ 'ನಾನೂ ನಿನ್ನಂಥವನೇ' ಎನ್ನಲಿ ಎಂದು ಕಾಯುತ್ತಾನೆ. ಎದುರಿನವನು ಬಾಯಿ ಬಿಡುವುದಿಲ್ಲ, ತಾನು ಶುದ್ಧ ಎಂಬ ಕಲ್ಲೆದೆ ಅವನದು. ಆ ಕಲ್ಲು ಒಡೆದರಷ್ಟೇ ರಾಜಿ. ಕ್ಷಮಿಸಿದೆ ಹೋಗು ಎಂದು ಮೇಲೆ ಕೂತು ಹೇಳಿದರೆ ಅದು ರಾಜಿಯಲ್ಲ. ಓದುವಾಗ ಇದು ಸುಲಭವಾಗಿತ್ತು, ನಾನು ಗೆರೆ ಎಳೆದು ಪುಟ ತಿರುಗಿಸಿದ್ದೆ.

ಹಬ್ಬದ ದಿನ ಬೆಳಿಗ್ಗೆ ಕೆಳಗಿನ ಮನೆಗಳಲ್ಲೆಲ್ಲ ಬಿದಿರಿನ ಕೋಲಿಗೆ ರೇಷ್ಮೆ ಬಟ್ಟೆ ಕಟ್ಟಿ ಗುಡಿ ಏರಿಸಿದ್ದರು. ಅವ್ವ ಬೇವು ಬೆಲ್ಲ ಕಲಸುತ್ತಿದ್ದಳು. ಬಾಗಿಲು ತೆಗೆದರೆ ರುದ್ರಪ್ಪ ಕಾಕಾ. ಇಸ್ತ್ರಿ ಅಂಗಿ, ಹೆಗಲ ಮೇಲೆ ಟವೆಲ್ಲು. ಅವ್ವನ ಕೈ ಬಟ್ಟಲಿನಲ್ಲೇ ನಿಂತಿತು.

ಕಾಕಾ ಅಪ್ಪನ ಕುರ್ಚಿಯ ಮುಂದೆ ಹೋಗಿ ನಿಂತ. ಕೂರಲಿಲ್ಲ. "ಆವತ್ತು ನಾನು ನಾಲ್ಕು ಅಂತನ ಒತ್ತಿದ್ದೆ. ಈ ಬೆರಳು ಏಳಲಿಲ್ಲ," ಎಂದು ಕೈ ಮುಂದೆ ಹಿಡಿದ. "ಆವಾಗ ನನಗೂ ತಿಳೀಲಿಲ್ಲ. ಒಂದು ವರ್ಷದಾಗ ತಿಳೀತು. ತಿಳದ ಮ್ಯಾಲೂ ಬರಲಿಲ್ಲ. ನಾಚಿಕಿ ಆತು."

ಅಪ್ಪ ಆ ಬೆರಳು ನೋಡಿದರು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದರು.

ಕಾಕಾ ಕೈ ಚಾಚಿಕೊಂಡೇ ನಿಂತಿದ್ದ. ನನಗೆ ಪುಸ್ತಕದ ಆ ಪುಟ ಎದ್ದು ಬಂದು ನಮ್ಮ ಮನೆಯಲ್ಲಿ ನಿಂತಂತಾಯಿತು. ಅಪ್ಪನನ್ನು ಹಿಡಿದು ಅಲುಗಾಡಿಸಬೇಕೆನ್ನಿಸಿತು. ಆದರೆ ಈ ಮಾತನ್ನು ಯಾರಿಗೂ ಯಾರ ಬಾಯಿಂದಲೂ ಹೊರಡಿಸಲಿಕ್ಕೆ ಬರುವುದಿಲ್ಲ, ಅವರಾಗಿ ಕೊಟ್ಟರಷ್ಟೇ ಅದಕ್ಕೆ ಬೆಲೆ.

"ಕೂಡು," ಎಂದರು ಅಪ್ಪ ಕೊನೆಗೆ. ಮುಖ ಇನ್ನೂ ಕಿಟಕಿಯ ಕಡೆಗೇ. "ಮೂರಕ್ಕ ಕೊಡೂ ಮಾಲಲ್ಲ ಅದು. ಆವತ್ತ ನನಗ ಗೊತ್ತಿತ್ತು, ರುದ್ರಾ. ಇಂವ ಮೂರಕ್ಕ ಹೆಂಗ ಕೊಟ್ಟ ಅಂತ ಮನಸ್ಸಿಗೆ ಬಂದಿತ್ತು. ಕೇಳಲಿಲ್ಲ. ಲಾಭ ಆತಲ್ಲ ಅಂತ ಸುಮ್ಮನಾದೆ. ನಿನ್ನ ಬೆರಳು ಏಳಲಿಲ್ಲ, ನನ್ನ ಬಾಯಿ ಏಳಲಿಲ್ಲ."

ಕಾಕಾ ಕುರ್ಚಿ ಎಳೆದುಕೊಂಡು ಕೂತ. ಹೆಗಲ ಮೇಲಿನ ಟವೆಲ್ಲು ತೆಗೆದು ಅಪ್ಪನ ಬಲಗೈಯ ಮೇಲೆ ಹಾಸಿ, ತನ್ನ ಕೈ ಒಳಗೆ ತಂದ. ಒತ್ತಿದರೆ ತಿಳಿಯದ ಅಂಗೈ, ಒತ್ತಲಾಗದ ಬೆರಳು. ಅಪ್ಪ ತಮ್ಮ ಎಡಗೈಯನ್ನು ಟವೆಲ್ಲಿನ ಮೇಲಿಂದಲೇ ಆ ಎರಡೂ ಕೈಗಳ ಮೇಲೆ ಇಟ್ಟರು. ಇಬ್ಬರೂ ಅಳುತ್ತಿದ್ದರು, ಅದನ್ನು ಮುಚ್ಚಲು ಇದ್ದ ಒಂದೇ ಟವೆಲ್ಲು ಕೆಲಸದಲ್ಲಿತ್ತು.

"ಏನ ಸೌದಾ ನಡದದರಿ ಹಬ್ಬದ ದಿನಾ?" ಎಂದು ಅವ್ವ ಬೇವು ಬೆಲ್ಲದ ಬಟ್ಟಲು ಹಿಡಿದು ಬಂದಳು.

ಉಂಡು ಹೊರಡುವಾಗ ಕಾಕಾ ಅಪ್ಪನನ್ನು ಕೇಳಿದ, ಮುಂದಿನ ಸೀಜನ್ನಿಗೆ ಅಂಗಡಿಯ ಗತಿ ಏನು ಎಂದು. ಅಪ್ಪ ನನ್ನ ಕಡೆ ಕೈ ಮಾಡಿದರು. "ಆಕೀನ್ನ ಕೇಳು. ಇಟ್ಟಗೊಂಡರೂ ಆಕೀದು, ಬಿಟ್ಟರೂ ಆಕೀದು."

ಬಿಡಬಹುದು ಎಂದು ಅವರು ಮನಸಾರೆ ಹೇಳಿದ ಮೇಲೆ, ಇಟ್ಟುಕೊಳ್ಳುವುದು ನನ್ನ ನಿರ್ಧಾರವಾಯಿತು. "ಮುಂಜಾನೆ ಕಾಲೇಜಿನ್ಯಾಗ ಕಲಸ್ತೀನಿ, ಮಧ್ಯಾಹ್ನ ಅಂಗಡಿ ತಗೀತೀನಿ," ಎಂದೆ. ಇಂದಿಗೂ ಹಾಗೇ ನಡೆದಿದೆ.

ಕಾಕಾ ಮೆಟ್ಟಿಲಿಳಿದು ಹೋದ ಮೇಲೆ ನೋಡಿದರೆ ಟವೆಲ್ಲು ಕುರ್ಚಿಯ ಮೇಲೇ ಉಳಿದಿತ್ತು. ಎತ್ತಿಕೊಂಡು ಓಡಿದೆ. ಅವನು ಗೇಟಿನ ಹತ್ತಿರ ಹೋಗಿದ್ದ.

"ಕಾಕಾ, ಟವೆಲ್ ಬಿಟ್ರಿ!"

ಕಾಕಾ ತಿರುಗಿ ನೋಡಿ, ಆ ಸೊಟ್ಟ ಬೆರಳಿನ ಕೈ ಎತ್ತಿ ಬೀಸಿದ.

"ಬಿಟ್ಟಿಲ್ಲ, ಇಟ್ಟೇನಿ," ಎಂದ. "ನಿಮ್ಮಪ್ಪನದು ನಿಮ್ಮಪ್ಪಗಿರಲಿ. ವ್ಯಾಪಾರಿಗೆ ತನ್ನದೊಂದು ಬೇಕು."